ವಿಶ್ವನ ತಲೆಯ ಎರಡು ನಕ್ಷೆ

ಮನೆಯಲ್ಲಿದ್ದಾಗ ಮಗುವಿನ ಟೋಪಿಯ ದೀಪ ಹಸಿರಾಗಿರುತ್ತಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಮಲಗಿಸಿದ ಸ್ವಲ್ಪ ಹೊತ್ತಿಗೆ ಕೆಂಪಾಗುತ್ತಿತ್ತು. ಮತ್ತೆ ಮತ್ತೆ ಹೀಗೇ ಆದಾಗ ದ್ರಾಕ್ಷಾಯಣಿಗೆ ಏನನ್ನು ನಂಬಬೇಕೆಂದೇ ತಿಳಿಯದಾಯಿತು.

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಯಾವ ಬಸ್ಸು ಎಲ್ಲಿಗೆ ಹೊರಡುತ್ತದೆ ಎಂದು ಕೂಗಿ ಹೇಳುವುದು ಅವಳ ಕೆಲಸ. ಹೆರಿಗೆ ರಜೆಯ ಮೇಲಿದ್ದಳು. ಗಂಡ ಮೃತ್ಯುಂಜಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುತ್ತಿದ್ದ. ಮನೆಯಲ್ಲಿ ಅತ್ತೆ ಚೆನ್ನವ್ವ, ಮತ್ತೆ ಈ ಮಗು ವಿಶ್ವನಾಥ.

ಹುಟ್ಟಿದ ಪ್ರತಿ ಮಗುವಿಗೂ ಇಂಥದೊಂದು ಟೋಪಿ ಕೊಟ್ಟು ಕಳಿಸುವ ಪದ್ಧತಿ ಶುರುವಾಗಿ ಆಗ ಕೆಲವು ವರ್ಷಗಳಾಗಿದ್ದವು. ನೋಡಲು ಸಾದಾ ಹತ್ತಿಯ ಕುಲಾವಿ. ಒಳಗೆ ಮಾತ್ರ ಸಾಸಿವೆಯಷ್ಟು ಸಣ್ಣ ಮಣಿಗಳು. ಕೂಸಿನ ನೆತ್ತಿ ಇನ್ನೂ ಕೂಡಿರುವುದಿಲ್ಲವಲ್ಲ, ಆ ಮೆತ್ತನೆಯ ಜಾಗದಿಂದ ಮಣಿಗಳು ಕಿವಿಗೆ ಕೇಳಿಸದ ಸದ್ದನ್ನು ಒಳಗೆ ಕಳಿಸಿ, ಮಿದುಳಿನಿಂದ ರಕ್ತ ಯಾವ ದಾರಿಯಲ್ಲಿ, ಎಷ್ಟು ವೇಗದಲ್ಲಿ ಹೊರಗೆ ಬರುತ್ತಿದೆ ಎಂದು ಅಳೆಯುತ್ತಿದ್ದವು. ಎಲ್ಲ ಸರಿಯಿದ್ದರೆ ಹಸಿರು. ರಕ್ತ ಒಳಗೇ ನಿಂತು ಒತ್ತಡ ಏರಿದರೆ ಕೆಂಪು.

ವಿಶ್ವನ ತಲೆ ಬೆಳೆಯಬೇಕಾದ್ದಕ್ಕಿಂತ ಬೇಗ ಬೆಳೆಯುತ್ತಿತ್ತು. ಹಣೆಯ ಎರಡೂ ಬದಿಗೆ, ಕಣ್ಣಿನ ರೆಪ್ಪೆಯ ಮೇಲೆ ನೀಲಿ ನರಗಳು ಎದ್ದು ಕಾಣುತ್ತಿದ್ದವು. "ಏನ್ ತಲಿನವ್ವಾ ಇದು, ದೊಡ್ಡ ಸಾಹೇಬ ಆಗ್ತಾನ ನೋಡು" ಎಂದು ಓಣಿಯ ಹೆಂಗಸರು ಅನ್ನುವಾಗ ಮೊದಮೊದಲು ದ್ರಾಕ್ಷಾಯಣಿ ನಗುತ್ತಿದ್ದಳು. ಆಮೇಲೆ ಮಗುವಿನ ತಲೆಗೆ ಸೆರಗು ಮುಚ್ಚಿಕೊಂಡು ಓಡಾಡತೊಡಗಿದಳು.

ಇನ್ನೊಂದು ತಾಪತ್ರಯವಿತ್ತು. ತೊಟ್ಟಿಲಲ್ಲಿ ಹಾಕಿದರೆ ಸಾಕು, ಮಗು ಕಿರುಚಿ ಅಳುತ್ತಿತ್ತು. ದೀಪದ ಕಡೆ ನೋಡುವ ಮೊದಲೇ ಯಾರಾದರೂ ಎತ್ತಿಕೊಳ್ಳುತ್ತಿದ್ದರು, ರಾತ್ರಿಯೂ ಹೆಗಲೇ ಆಗಬೇಕಿತ್ತು.

"ಎತ್ತಿ ಎತ್ತಿ ರೂಢಿ ಮಾಡೀರಿ ನೀವು. ನಮ್ಮ ಕಾಲದಾಗ ತೊಟ್ಲಾಗ ಒಗದು ಹೊಲಕ್ಕ ಹೋಗ್ತಿದ್ವಿ" ಎಂದು ಚೆನ್ನವ್ವ ಗೊಣಗುತ್ತಿದ್ದಳು. ಹಾಗೆ ಗೊಣಗುತ್ತಲೇ ದಿನದ ಬಹುಪಾಲು ಹೊತ್ತು ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗುತ್ತಿದ್ದವಳೂ ಅವಳೇ.

ಊರ ಹೊರಗೆ ಹೊಸದಾಗಿ ಎದ್ದಿದ್ದ ಮಕ್ಕಳ ಮಿದುಳು ಕೇಂದ್ರದಲ್ಲಿ ವಿಶ್ವನನ್ನು ನೋಡುತ್ತಿದ್ದವರು ಡಾಕ್ಟರ್ ವಾಸಂತಿ ಕುಲಗೋಡ. ಧಾರವಾಡದವರು, ನಿಧಾನವಾಗಿ ಮಾತಾಡುವವರು. ಪರದೆಯ ಮೇಲೆ ಮಗುವಿನ ತಲೆಯ ನಕ್ಷೆ ತೋರಿಸಿ ವಿವರಿಸಿದರು.

"ನೋಡ್ರಿ, ಮಿದುಳಿಗೆ ಹೋದ ರಕ್ತ ಹೊರಗ ಬರಬೇಕಲ್ಲ. ಎಲ್ಲಾರಿಗೂ ಕುತ್ತಿಗಿಯ ಎರಡೂ ಬಾಜೂ ಎರಡು ದೊಡ್ಡ ನಾಳ ಇರ್ತಾವ, ಅಲ್ಲಿಂದ ಇಳೀತದ. ನಿಮ್ಮ ಮಗಗ ಅವು ಸಣ್ಣ ಅವ. ಹಿಂದ ಇಲ್ಲೊಂದು ನಾಳ ಅದ, ಇದು ಭಾಳ ಉಬ್ಬೇದ. ಇದು ಇಷ್ಟು ದೊಡ್ಡದು ಇರಬಾರದು. ಇದನ್ನ ಮುಚ್ಚಬೇಕಂತ ಸೂಚಿ ಹೇಳ್ತದ."

ಸೂಚಿ ಎಂದರೆ ಕೇಂದ್ರದ ಗಣಕ. ಸಾವಿರಾರು ಮಕ್ಕಳ ತಲೆಯ ನಕ್ಷೆಗಳನ್ನು ನೋಡಿ ನೋಡಿ ಕಲಿತಿದ್ದ ಯಂತ್ರ. ಹಿಂದೆ ಅದು ಅನೇಕ ಕೂಸುಗಳ ಜೀವ ಉಳಿಸಿತ್ತು. ಕೆಲವು ಮಕ್ಕಳಲ್ಲಿ ಶುದ್ಧರಕ್ತದ ನಾಳ ನೇರವಾಗಿ ಹೊರಹೋಗುವ ನಾಳಕ್ಕೆ ಕೂಡಿಕೊಂಡು, ಅದು ಬಲೂನಿನಂತೆ ಉಬ್ಬಿ, ಹೃದಯವೇ ಸೋತುಹೋಗುತ್ತದೆ. ಅಂಥ ಕಡೆ ಸೂಚಿ ತೋರಿಸಿದ ಜಾಗಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಬೀಜಗಳನ್ನು ಸೂಜಿಯಿಂದ ರಕ್ತಕ್ಕೆ ಬಿಟ್ಟು, ಹೊರಗಿನಿಂದ ಅಯಸ್ಕಾಂತ ಹಿಡಿದು ನಡೆಸಿಕೊಂಡು ಹೋಗಿ ಒಟ್ಟುಗೂಡಿಸಿದರೆ ನಾಳ ಮುಚ್ಚುತ್ತಿತ್ತು. ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಬೀಜ ಗಟ್ಟಿಯಾಗಿ ಕೂರುವ ತನಕ ಮಗು ಅಂಗಾತ, ಅಲುಗದೆ ಮಲಗಿರಬೇಕು, ಅಷ್ಟೆ.

"ಮನ್ಯಾಗ ಹಸರ ಇರ್ತೈತಲ್ರಿ ಮೇಡಂ?" ದ್ರಾಕ್ಷಾಯಣಿ ಕೇಳಿದಳು.

"ಅದನ್ನ ನಾವೂ ನೋಡೀವಿ. ಟೋಪಿ ಜಾರಿರಬೇಕು ಅಂತಾರ" ಎಂದರು ವಾಸಂತಿ. ಹಾಗೆ ಹೇಳುವಾಗ ಅವರು ಪರದೆಯನ್ನು ನೋಡುತ್ತಿದ್ದರೇ ಹೊರತು ದ್ರಾಕ್ಷಾಯಣಿಯ ಮುಖವನ್ನಲ್ಲ.

ಹೊರಗಿನ ಬೆಂಚಿನ ಮೇಲೆ ತಸ್ಲೀಮಾ ಕುಳಿತಿದ್ದಳು. ಸವಣೂರಿನವಳು. ಅವಳ ಮಗಳು ಜೋಯಾಳಿಗೂ ತಲೆ ದೊಡ್ಡದಾಗಿ, ಹಿಂದಿನ ನಾಳ ಉಬ್ಬಿತ್ತು. ಹಿಂದಿನ ವಾರ ಅದನ್ನು ಮುಚ್ಚಿದ್ದರು.

"ನಿಮ್ದೂ ಹಿಂದಿನ ನಾಳನ ಏನ್ರಿ?" ಎಂದು ಅವಳೇ ಮಾತು ತೆಗೆದಳು.

"ಹೂಂ ಅಂದ್ರು. ನಿಮ್ ಕೂಸು ಹೆಂಗೈತಿ ಈಗ?"

"ಮುಚ್ಚಿದ ದಿನ ಎಲ್ಲಾ ಚಲೋ ಆತು ಅಂದ್ರು. ಆಮ್ಯಾಲೆ ಹಾಲು ಕುಡಿಯೋದು ಬಿಟ್ಲು. ಕಣ್ಣಗೊಂಬಿ ಕೆಳಗ ಇಳದಾವು, ಮ್ಯಾಲೆ ನೋಡಾಕ ಆಗವಲ್ದು ಆಕಿಗೆ. ಯಾಕ ಅಂತ ಕೇಳಿದ್ರ, ನೋಡಾಕತ್ತೀವಿ ಅಂತಾರ. ಒಬ್ಬರೂ ಒಂದು ಹೇಳವಲ್ರು." ತಸ್ಲೀಮಾ ವಿಶ್ವನನ್ನು ನೋಡಿದಳು. ಅವನು ತಾಯಿಯ ಹೆಗಲ ಮೇಲಿನಿಂದ ಗೋಡೆಯ ಗಡಿಯಾರವನ್ನು ಕಣ್ಣರಳಿಸಿ ನೋಡುತ್ತಿದ್ದ. "ನಿಮ್ ಹುಡುಗ ನೋಡಾಕ ಎಷ್ಟ್ ಆರಾಮ ಅದಾನ" ಎಂದಳು.

ದ್ರಾಕ್ಷಾಯಣಿ ಸೆರಗನ್ನು ಮಗುವಿನ ತಲೆಯ ಮೇಲೆ ಎಳೆದುಕೊಂಡಳು.

*

ಕೇಂದ್ರದ ಮೇಲಿನ ಮಹಡಿಯಲ್ಲಿ ನಕ್ಷೆ ಕೋಣೆ. ಗೋಡೆಯುದ್ದಕ್ಕೂ ಪರದೆಗಳು. ಒಂದೊಂದರ ಮೇಲೂ ಯಾವುದೋ ಮನೆಯ ಯಾವುದೋ ಮಗುವಿನ ತಲೆ, ಅದರೊಳಗೆ ನೀಲಿ ಬೇರುಗಳಂತೆ ಹರಡಿದ ನಾಳಗಳು. ಅದರ ಉಸ್ತುವಾರಿ ಕುಮಟಾದ ಕಡೆಯ ಎಂಜಿನಿಯರ್ ಗಣಪತಿ ಶಾನಭಾಗನದು.

ವಾಸಂತಿ ಜೋಯಾಳ ಪರದೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ನಾಳ ಮುಚ್ಚಿದೆ. ಸೂಚಿ ತೋರಿಸಿದಲ್ಲೇ, ತೋರಿಸಿದ ಹಾಗೇ ಮುಚ್ಚಿದೆ. ಕೆಲಸ ಸರಿಯಾಗಿದೆ ಎಂದು ಸೂಚಿಯೇ ಹೇಳುತ್ತಿದೆ. ಮಗುವಿನ ಒತ್ತಡ ಮಾತ್ರ ಇಳಿಯುವುದರ ಬದಲು ಏರುತ್ತಿದೆ.

"ಇಷ್ಟು ಸರಿ ಇದ್ರ ಈ ಕೂಸು ಯಾಕ ಸಾಯ್ಲಿಕತ್ತದ, ಗಣಪತಿ?"

"ಗೊತ್ತಾಗ್ತಾ ಇಲ್ಲ ಮೇಡಂ. ಇನ್ನೂ ಸ್ವಲ್ಪ ಬೀಜ ಹಾಕಿ, ಪಕ್ಕದ ಸಣ್ಣ ನಾಳಾನೂ ಮುಚ್ಚಬೇಕು ಅಂತ ಸೂಚಿ ಹೇಳ್ತದೆ."

ವಾಸಂತಿ ವಿಶ್ವನ ಪರದೆಗೆ ಬಂದರು. "ಇವನ ಮನಿಯಿಂದ ಬಂದ ನಕ್ಷೆ ಎಲ್ಲಿ ಅವ?"

"ಅವನ್ನ ಸೂಚಿ ಲೆಕ್ಕಕ್ಕೆ ತಗೊಳ್ಳೋದಿಲ್ಲ. ಮನೇಲಿ ಮಗು ಸುಮ್ಮನೆ ಇರೋದಿಲ್ಲವಲ್ಲ. ಅಲುಗಾಟದಲ್ಲಿ ಬಂದದ್ದೆಲ್ಲ ಕಸ ಅಂತ ತೆಗೆದು ಬಿಸಾಡ್ತದೆ. ಮೊದಲಿಂದ ಹಾಗೇ ಮಾಡಿದ್ದು."

"ಕಸ ಅಂದ್ರ ಒಮ್ಮೆ ಹೆಚ್ಚು, ಒಮ್ಮೆ ಕಡಿಮಿ ಇರಬೇಕಲ್ಲ? ಇವನ ಮನ್ಯಾಗ ಯಾವಾಗ್ಲೂ ಕಡಿಮಿನೇ ಬರ್ತದ. ಕಸ ಒಂದೇ ಕಡೆ ಹೆಂಗ ಬೀಳ್ತದ?"

ಗಣಪತಿ ಕನ್ನಡಕ ತೆಗೆದು ಒರೆಸಿಕೊಂಡ. ಒಂದೇ ತಲೆಗೆ ಎರಡು ನಕ್ಷೆ. ಒಂದು ನಿಜವಾದರೆ ಇನ್ನೊಂದು ಸುಳ್ಳಾಗಲೇಬೇಕು ಎಂದೇ ಇಬ್ಬರೂ ಎಣಿಸಿದ್ದರು.

*

ಮನೆಯಲ್ಲಿ ದಿನವೂ ಅದೇ ಮಾತು.

"ಓದಿದವರು ಅದಾರ. ಅಷ್ಟು ದೊಡ್ಡ ಯಂತ್ರ ಸುಳ್ಳ ಹೇಳತೈತೇನು?" ಮೃತ್ಯುಂಜಯ ಕೇಳಿದ.

"ಯಾವ ಯಂತ್ರರೀ? ಟೋಪಿನೂ ಅವರದ, ದೊಡ್ಡ ಯಂತ್ರನೂ ಅವರದ. ಎರಡೂ ಬ್ಯಾರೆ ಬ್ಯಾರೆ ಹೇಳಾಕತ್ತಾವಲ್ಲ, ನಾ ಯಾವುದನ್ನ ನಂಬ್ಲಿ?"

"ಹಂಗಂತ ಸುಮ್ನ ಕುಂತ್ರ ತಲಿ ಬೆಳಕೋಂತನ ಹೊಂಟೈತಿ. ನಾಳೆ ಏನರ ಆದ್ರ?"

"ಮುಚ್ಚಿಸಿದ್ರ ಏನರ ಆದ್ರ? ಆ ಸವಣೂರಿನ ಕೂಸಿನ ಕಣ್ಣು ನೀವು ನೋಡಿಲ್ಲ."

ಚೆನ್ನವ್ವನದು ಇನ್ನೊಂದು ವಾದ. "ಆಸ್ಪತ್ರಿ ಗಾಳಿನ ಆಗಂಗಿಲ್ಲ ಇವಂಗ. ಅಲ್ಲಿ ಕಾಲಿಟ್ರ ಸಾಕು, ಕೆಂಪಗಾಗತೈತಿ."

ಗಂಡನ ಮಾತು ಕೇಳುವಾಗ ಅದು ಸರಿಯೆನಿಸುತ್ತಿತ್ತು, ಅತ್ತೆಯ ಮಾತು ಕೇಳುವಾಗ ಅದೂ ಸರಿಯೆನಿಸುತ್ತಿತ್ತು. ನಾಳ ಮುಚ್ಚಿಸಲು ಆಸ್ಪತ್ರೆಗೆ ಸೇರಿಸಬೇಕಾದ ದಿನ ಬೆಳಿಗ್ಗೆ ದ್ರಾಕ್ಷಾಯಣಿ ಮಗುವಿನ ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು. ಆಟೊ ಬಂದು ಓಣಿಯ ಬಾಯಲ್ಲಿ ನಿಂತಿತು. ಮೃತ್ಯುಂಜಯ ಚೀಲ ಹಿಡಿದು ಮುಂದೆ ಹೋದ. ಅವಳು ಮಗುವನ್ನು ಎತ್ತಿಕೊಂಡು ಆಟೊದ ತನಕ ನಡೆದು, ಒಂದು ಕಾಲು ಒಳಗಿಟ್ಟು, ಹಾಗೇ ನಿಂತಳು. ಆಮೇಲೆ ತಿರುಗಿ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಸಿಟ್ಟಿನಿಂದಲ್ಲ, ಧೈರ್ಯದಿಂದಲೂ ಅಲ್ಲ. ಅವಳ ಕಾಲು ಮುಂದೆ ಹೋಗಲಿಲ್ಲ, ಅಷ್ಟೆ. ಮೃತ್ಯುಂಜಯ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದರೆ, ತಾನು ಮಗನನ್ನು ಉಳಿಸುತ್ತಿದ್ದೇನೋ ಕೊಲ್ಲುತ್ತಿದ್ದೇನೋ ಎಂದು ಗೊತ್ತಾಗದೆ ಅತ್ತಳು.

ಅವತ್ತೇ ಮಧ್ಯಾಹ್ನ ವಾಸಂತಿ ಕುಲಗೋಡ ಮನೆಗೆ ಬಂದರು. ಒಬ್ಬರೇ ಬಂದಿದ್ದರು, ಕೈಯಲ್ಲಿ ಒಂದು ಸಣ್ಣ ಪರದೆ ಹಿಡಿದುಕೊಂಡು.

ಬೈಯುತ್ತಾರೆಂದು ದ್ರಾಕ್ಷಾಯಣಿ ಹೆದರಿದ್ದಳು. ಅವರು ಬೈಯಲಿಲ್ಲ. "ನಿಮ್ಮನ್ನ ಕರಕೊಂಡು ಹೋಗ್ಲಿಕ್ಕೆ ಬಂದಿಲ್ಲ. ನನಗೂ ಒಂದು ತಿಳೀವಲ್ದು, ಅದನ್ನ ನೋಡಿ ಹೋಗ್ತೀನಿ" ಎಂದು ಅಂಗಳದ ಕಟ್ಟೆಯ ಮೇಲೆ ಕುಳಿತರು.

ವಿಶ್ವ ಅಜ್ಜಿಯ ಹೆಗಲ ಮೇಲಿದ್ದ. ಟೋಪಿ ಹಸಿರು. ವಾಸಂತಿ ಎದ್ದು ಟೋಪಿಯನ್ನು ಮುಟ್ಟಿ ನೋಡಿದರು. ಜಾರಿರಲಿಲ್ಲ, ಸರಿಯಾಗಿಯೇ ಕೂತಿತ್ತು.

"ತೊಟ್ಲಾಗ ಮಲಗಿಸ್ರಿ ಅವನ್ನ."

ಮಲಗಿಸಿದ್ದೇ ಮಗು ಕಿರುಚತೊಡಗಿತು. ದೀಪ ಕೆಂಪಾಯಿತು. ಮೃತ್ಯುಂಜಯ ಹೆಂಡತಿಯ ಕಡೆ ನೋಡಿದ. ಕೊನೆಗೂ ಆಸ್ಪತ್ರೆಯ ನಕ್ಷೆಯೇ ನಿಜವಾಯಿತಲ್ಲ ಎಂಬಂತಿತ್ತು ಅವನ ಮುಖ.

"ಇಲ್ಲ, ಇದು ಲೆಕ್ಕಕ್ಕಿಲ್ಲ" ಎಂದರು ವಾಸಂತಿ. "ಅತ್ತರೂ ಒತ್ತಡ ಏರ್ತದ. ಎತ್ಗೋರಿ. ನಿದ್ದಿ ಹೋಗಲಿ."

ಚೆನ್ನವ್ವ ಎತ್ತಿಕೊಂಡು ಬೆನ್ನು ತಟ್ಟುತ್ತ ನಡೆದಾಡಿದಳು. ದೀಪ ಮತ್ತೆ ಹಸಿರಾಯಿತು. ದ್ರಾಕ್ಷಾಯಣಿ ಚಹಾ ಮಾಡಿ ತಂದಳು, ವಾಸಂತಿ ಅದನ್ನು ಮರೆತು ಪಕ್ಕಕ್ಕಿಟ್ಟರು. ಮಗುವಿನ ಕೈ ಸಡಿಲಾಗಿ ಜೋತುಬಿದ್ದ ಮೇಲೆ, "ಈಗ ಮಲಗಿಸ್ರಿ. ಎಚ್ಚರ ಆಗಬಾರದು" ಎಂದು ಪಿಸುಗುಟ್ಟಿದರು.

ತೊಟ್ಟಿಲಲ್ಲಿ ವಿಶ್ವ ನಿದ್ದೆಯಲ್ಲೇ ಇದ್ದ. ಅಳಲಿಲ್ಲ, ಅಲುಗಲಿಲ್ಲ. ಎಲ್ಲರೂ ಟೋಪಿಯನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅದು ಕೆಂಪಾಯಿತು. ಅದಾದ ಮೇಲೆ ಮಗು ಮುಖ ಕಿವುಚಿತು, ಆಮೇಲೆ ಅಳು ಬಂತು.

ಅಳುವಿನಿಂದ ಕೆಂಪಾದದ್ದಲ್ಲ. ಕೆಂಪಾದದ್ದರಿಂದ ಅತ್ತದ್ದು.

ವಾಸಂತಿ ಮಗುವನ್ನು ತಾವೇ ಎತ್ತಿ ಹೆಗಲಿಗೆ ಹಾಕಿಕೊಂಡರು. ಇನ್ನೊಂದು ಕೈಯಲ್ಲಿದ್ದ ಪರದೆಯಲ್ಲಿ ನಕ್ಷೆ ಅವರ ಕಣ್ಣೆದುರೇ ಬದಲಾಗತೊಡಗಿತು. ನೆಟ್ಟಗಾದ ಕೂಡಲೇ ತಲೆಯ ಹಿಂದಿನ ಆ ಉಬ್ಬಿದ ನಾಳಕ್ಕೆ ರಕ್ತ ಧಾರಾಳವಾಗಿ ಇಳಿದು, ಅಲ್ಲಿಂದ ಕುತ್ತಿಗೆಯ ಮೂಳೆಯ ಸುತ್ತ ಬಲೆಯಂತೆ ಹೆಣೆದಿದ್ದ ಸಣ್ಣ ಸಣ್ಣ ನಾಳಗಳಲ್ಲಿ ಹರಿದು ಹೋಯಿತು. ಮಲಗಿದಾಗ ಆ ಬಲೆ ಮಂಕಾಗಿತ್ತು. ಮನುಷ್ಯ ನಿಂತಾಗ ಮಿದುಳಿನ ರಕ್ತ ಈ ಹಿಂದಿನ ದಾರಿ ಹಿಡಿಯುತ್ತದೆ ಎಂದು ಅವರು ಎಂದೋ ಓದಿದ್ದರು. ಹೆಗಲ ಮೇಲಿನ ಕೂಸಿಗೂ ಅದು ಇಷ್ಟು ಮುಖ್ಯವಾದೀತು ಎಂದು ಯೋಚಿಸಿರಲಿಲ್ಲ. ಸೂಚಿಯೂ ಯೋಚಿಸಿರಲಿಲ್ಲ. ಅದು ಕಲಿತದ್ದೆಲ್ಲ ಮಲಗಿದ ಮಕ್ಕಳಿಂದ.

ಎರಡೂ ನಕ್ಷೆಗಳು ನಿಜವಾಗಿದ್ದವು. ಹಿಂದಿನ ಆ ನಾಳ ರೋಗವೇ ಆಗಿರಲಿಲ್ಲ. ಕುತ್ತಿಗೆಯ ಎರಡು ಬದಿಯ ಮುಂದಿನ ದಾರಿ ಕಿರಿದಾದ್ದರಿಂದ ಮಗುವಿನ ಮೈ ತಾನಾಗಿ ದೊಡ್ಡದು ಮಾಡಿಕೊಂಡ ದಾರಿ ಅದು. ಇವನಿಗೆ ಇರುವ ಒಳ್ಳೆಯ ದಾರಿ ಅದೊಂದೇ.

ವಾಸಂತಿ ತಟ್ಟನೆ ಮಗುವನ್ನು ತಾಯಿಯ ಕೈಗೆ ಕೊಟ್ಟರು.

"ಏನಾತ್ರಿ ಮೇಡಂ?"

ಅವರು ಹೊರಗೆ ಹೋಗಿ ಫೋನ್ ಹಚ್ಚಿದರು. ಅವರ ಮಾತು ಒಳಗಿದ್ದವರಿಗೂ ಕೇಳಿಸಿತು. "ಗಣಪತಿ, ಜೋಯಾನ್ನ ಎತ್ತಸ್ರಿ. ಮಂಚದಿಂದ ಎತ್ತಿ ಆಕಿ ತಾಯಿ ಹೆಗಲಿಗೆ ಹಾಕ್ರಿ. ಈಗಿಂದೀಗ."

"ಮೇಡಂ, ಬೀಜ ಇನ್ನೂ ಪೂರ್ತಿ ಕೂತಿಲ್ಲ. ಎತ್ತಿದರೆ ಜಾರಿ ಶ್ವಾಸಕೋಶಕ್ಕೆ ಹೋದೀತು. ಅಂಗಾತ ಇರಬೇಕು ಅಂತ ಸೂಚಿ..."

"ಆ ಕೂಸಿಗೆ ಹೊರಗ ಬರೋ ದಾರಿನೇ ಅದಾಗಿತ್ತು. ಅದನ್ನ ನಾವು ಮುಚ್ಚೀವಿ. ಉಳಿದ ಸಣ್ಣ ಸಣ್ಣ ನಾಳ ಏನವ, ಅವು ಎತ್ತಿದ್ರನ ಕೆಲಸ ಮಾಡ್ತಾವ. ಜಾರಿದ್ರ ಜಾರಲಿ, ಹೊಣೆ ನಂದು. ಎತ್ರಿ."

ಫೋನಿನಲ್ಲಿ ಯಾರೋ ಓಡಿದ ಸಪ್ಪಳ, ಒಂದು ಹೆಣ್ಣು ದನಿ. ವಾಸಂತಿ ಗೇಟಿನ ಕಂಬಿ ಹಿಡಿದು ನಿಂತಿದ್ದರು. ಬಹಳ ಹೊತ್ತಿನ ಮೇಲೆ ಗಣಪತಿಯ ದನಿ ಬಂತು.

"ಇಳೀತಾ ಇದೆ ಮೇಡಂ. ಸ್ವಲ್ಪವೇ. ಆದರೆ ಇಳೀತಾ ಇದೆ. ಯಾಕೆ ಅಂತ ಸೂಚಿಗೆ ಅರ್ಥ ಆಗ್ತಾ ಇಲ್ಲ."

*

ಮರುದಿನ ಬೆಳಿಗ್ಗೆ ಸೂಚಿಯನ್ನು ಬದಿಗಿಟ್ಟು, ವಾಸಂತಿ ಮತ್ತು ಅವರ ಸಂಗಡಿಗರು ಹಳೆಯ ಪದ್ಧತಿಯಲ್ಲೇ ಕೆಲಸ ಮಾಡಿದರು. ಜೋಯಾಳ ತೊಡೆಯ ಹತ್ತಿರದ ನಾಳದಿಂದ ಕೂದಲೆಳೆಯಷ್ಟು ತೆಳುವಾದ ತಂತಿಯನ್ನು ಕುತ್ತಿಗೆಯ ತನಕ ಏರಿಸಿ, ಕಿರಿದಾಗಿದ್ದ ಮುಂದಿನ ನಾಳವನ್ನು ಪುಟ್ಟ ಬಲೂನಿನಿಂದ ಅಗಲಿಸಿದರು. ಒತ್ತಡ ಇಳಿಯಿತು. ಕಣ್ಣಗೊಂಬೆಗಳು ಮೇಲೆ ಬಂದವು. ಕೆಲವು ದಿನಗಳಾದ ಮೇಲೆ ಮಗು ಹಾಲು ಕುಡಿಯಿತು. ಆದರೆ ಬಲಗಣ್ಣಿನ ಮುಂದೆ ದೀಪ ಆಡಿಸಿದರೆ ಅದು ಹಿಂಬಾಲಿಸಲಿಲ್ಲ. ಒತ್ತಡಕ್ಕೆ ಸಿಕ್ಕಿ ಆ ಕಣ್ಣಿನ ನರ ಸತ್ತಿತ್ತು.

ವಾಸಂತಿ ಇದನ್ನೆಲ್ಲ ತಸ್ಲೀಮಾಳ ಪಕ್ಕ ಬೆಂಚಿನ ಮೇಲೆ ಕುಳಿತು ಹೇಳಿದರು. ಏನನ್ನೂ ಬಿಡಲಿಲ್ಲ. ತಾವು ಮುಚ್ಚಿದ್ದು ರೋಗವನ್ನಲ್ಲ, ದಾರಿಯನ್ನು ಎಂದೇ ಹೇಳಿದರು. ತಸ್ಲೀಮಾ ಕೇಳಿಸಿಕೊಂಡಳು. ಅವಳು ಕೂಗಾಡಿದ್ದರೆ ವಾಸಂತಿಗೆ ಹಗುರಾಗುತ್ತಿತ್ತೇನೋ.

"ಮುಚ್ಚಿದವರೂ ನೀವ, ಉಳಿಸಿದವರೂ ನೀವ" ಎಂದಳು ಕೊನೆಗೆ. "ನಿಮಗ ಬೈಬೇಕೋ, ಕೈ ಮುಗೀಬೇಕೋ, ನನಗ ತಿಳೀವಲ್ದು ಡಾಕ್ಟರಮ್ಮ. ಒಂದೆರಡು ದಿನ ನನ್ನ ಮುಂದ ಬರಬ್ಯಾಡ್ರಿ."

ನಾಳ ಮುಚ್ಚುವ ಕೆಲಸ ನಿಂತಿತು. ನಕ್ಷೆ ಕೋಣೆಯಲ್ಲಿ ಗಣಪತಿ ಕಸವೆಂದು ಬಿಸಾಡಿದ್ದ ನಕ್ಷೆಗಳನ್ನೆಲ್ಲ ಮತ್ತೆ ತೆಗೆದು ಕೂತ. ಅಜ್ಜಿಯರ ಹೆಗಲ ಮೇಲೆ, ತಾಯಂದಿರ ಸೊಂಟದ ಮೇಲೆ, ಅಪ್ಪಂದಿರ ಎದೆಯ ಮೇಲೆ ಇದ್ದಾಗ ಬಂದ ನಕ್ಷೆಗಳು. ವಿಶ್ವ, ಜೋಯಾರಂಥ ಮಕ್ಕಳು ಅವರೆಣಿಸಿದ್ದಕ್ಕಿಂತ ಹೆಚ್ಚಿದ್ದರು. ಇದು ಹೊಸದಾಗಿ ಬಂದ ಕಾಯಿಲೆಯೋ, ಟೋಪಿ ಬರುವ ಮೊದಲೂ ಹೀಗೆ ದೊಡ್ಡ ತಲೆಯ ಮಕ್ಕಳು ಹೆಗಲುಗಳ ಮೇಲೆ ಬೆಳೆದು ಯಾರಿಗೂ ಗೊತ್ತಾಗದೆ ನೆಟ್ಟಗಾಗುತ್ತಿದ್ದರೋ, ಅವನಿಗೆ ಹೇಳಲಾಗಲಿಲ್ಲ.

ವಿಶ್ವನ ವಿಷಯಕ್ಕೆ ವಾಸಂತಿ ದ್ರಾಕ್ಷಾಯಣಿ, ಮೃತ್ಯುಂಜಯ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. "ಮುಂದಿನ ನಾಳ ಅಗಲ ಮಾಡಬಹುದು. ಆದ್ರ ಇಷ್ಟು ಸಣ್ಣ ಕೂಸಿಗೆ ಅದೂ ಅಪಾಯನೇ. ಜೋಯಾಗ ಬ್ಯಾರೆ ಹಾದಿ ಇರಲಿಲ್ಲ, ಮಾಡಿದ್ವಿ. ಇವಗ ಹಿಂದಿನ ದಾರಿ ಅದ. ಎತ್ತಿಕೊಂಡೇ ಇದ್ರ, ಅವ ತಾನಾಗಿ ಎದ್ದು ಕೂಡೋ ತನಕ ತಡೀಬಹುದು ಅಂತ ನನಗ ಅನಸ್ತದ."

"ಅನಸ್ತದ ಅಂದ್ರ? ಖಾತ್ರಿ ಇಲ್ಲೇನ್ರಿ?" ಮೃತ್ಯುಂಜಯ ಕೇಳಿದ.

"ಖಾತ್ರಿ ಇಲ್ಲ."

ಖಾತ್ರಿ ಇದೆ ಎಂದಿದ್ದರೆ ದ್ರಾಕ್ಷಾಯಣಿ ಹೆದರುತ್ತಿದ್ದಳು. "ಎತ್ಗೊಂತೀವ್ರಿ" ಎಂದಳು.

ಎತ್ತಿಕೊಂಡರು. ಹಗಲು ಚೆನ್ನವ್ವ, ಸಂಜೆ ಕೆಲಸದಿಂದ ಬಂದ ಮೃತ್ಯುಂಜಯ. ದ್ರಾಕ್ಷಾಯಣಿ ಗೋಡೆಗೆ ದಿಂಬು ಒರಗಿಸಿ, ಮಗುವನ್ನು ಎದೆಗೆ ಕಟ್ಟಿಕೊಂಡು ಕುಳಿತೇ ನಿದ್ದೆ ಮಾಡಲು ಕಲಿತಳು. ಕೈ ಸೋತಾಗ ಓಣಿಯ ಹೆಂಗಸರು ಬಂದು ಸರದಿ ತೆಗೆದುಕೊಂಡರು. ದೊಡ್ಡ ಸಾಹೇಬ ಎಂದು ಹಾಸ್ಯ ಮಾಡಿದವಳೇ ಎಲ್ಲರಿಗಿಂತ ಹೆಚ್ಚು ಹೊತ್ತು ಎತ್ತಿಕೊಂಡಳು. ಮಾಡುತ್ತಿರುವುದು ಔಷಧವೋ, ಬರೀ ಕಾಯುವುದೋ ಯಾರಿಗೂ ಸ್ಪಷ್ಟವಿರಲಿಲ್ಲ. ತಲೆ ಬೆಳೆಯುವುದು ನಿಧಾನವಾಯಿತು. ವಿಶ್ವ ತನ್ನ ತಲೆಯ ಭಾರಕ್ಕೆ ಅತ್ತಿತ್ತ ವಾಲುತ್ತ, ಬೀಳುತ್ತ, ಬೇರೆ ಮಕ್ಕಳಿಗಿಂತ ತಡವಾಗಿ ಒಬ್ಬನೇ ಕೂರಲು ಕಲಿತ. ಕೂರಲು ಕಲಿತ ಮೇಲೆ ಕೆಂಪು ದೀಪ ಅಪರೂಪವಾಯಿತು.

ಮಾಘದ ಒಂದು ಬೆಳಿಗ್ಗೆ ಜೋಯಾಳ ತಪಾಸಣೆಗೆಂದು ಹುಬ್ಬಳ್ಳಿಗೆ ಬಂದ ತಸ್ಲೀಮಾ ದ್ರಾಕ್ಷಾಯಣಿಯ ಮನೆಗೆ ಬಂದಳು. ಜೋಯಾ ಸೊರಗಿದ್ದಳು, ಆದರೆ ನಗುತ್ತಿದ್ದಳು. ಏನನ್ನಾದರೂ ನೋಡಬೇಕಾದರೆ ಇಡೀ ಮುಖವನ್ನು ಬಲಕ್ಕೆ ತಿರುಗಿಸಿ ಎಡಗಣ್ಣಿನಿಂದ ನೋಡುತ್ತಿದ್ದಳು. ಅಂಗಳದಲ್ಲಿ ಚಾಪೆಯ ಮೇಲೆ ವಿಶ್ವ ಕುಳಿತು ಉಕ್ಕಿನ ತಟ್ಟೆಯನ್ನು ಬಡಿಯುತ್ತಿದ್ದ. ತಸ್ಲೀಮಾ ಅವನನ್ನೇ ನೋಡುತ್ತ ನಿಂತಳು.

"ನನ್ನ ಕೂಸಿಗೆ ಮೊದಲ ಮಾಡಿದ್ದಕ್ಕ ನಿನ್ನ ಕೂಸು ಉಳೀತು. ಹೌದಲ್ಲ?" ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಇಲ್ಲ ಎನ್ನಲು ದ್ರಾಕ್ಷಾಯಣಿಗೆ ನಾಲಿಗೆ ಏಳಲಿಲ್ಲ. ದೇವರ ಇಚ್ಛೆ ಎನ್ನಲೂ ಆಗಲಿಲ್ಲ. ಆ ಬೆಂಚಿನ ಮೇಲೆ ಜೋಯಾಳ ಕಣ್ಣಿನ ಸಂಗತಿ ಕೇಳದೇ ಹೋಗಿದ್ದರೆ ಅವತ್ತು ತಾನು ಆಟೊ ಹತ್ತಿಬಿಡುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

"ಹೌದ್ರಿ ಅಕ್ಕಾ" ಎಂದಳು.

ತಸ್ಲೀಮಾ ತಲೆಯಾಡಿಸಿದಳು. ಬೆವರಿದ ಮಗಳನ್ನು ಹೆಗಲಿನಿಂದ ಇಳಿಸಿ ಮುಂದಕ್ಕೆ ಚಾಚಿದಳು.

"ಸವಣೂರಿಂದ ಎತ್ಗೊಂಡು ಬಂದೀನಿ. ಕೈ ಸೋತಾವು. ಒಂಚೂರು ನೀ ಎತ್ಗೋ."

ದ್ರಾಕ್ಷಾಯಣಿ ಜೋಯಾಳನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಡೆಯತೊಡಗಿದಳು.